ಗೌಡರ ಉಂಗುರ ಯಾಕೆ ಸಡಿಲ ಆಯ್ತು?

ನೀವಾದ್ರೂ ಹೇಳ್ರಪ್ಪ, ನನಗಂತೂ ತಲೆ ಓಡ್ತಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಿದ್ದಂಗೆ ಗಂಜಾಂನ ಗೌಡರು ಹೆಂಡತಿ ಜೊತೆ ಬಂದು, ಮದುವೆ ಉಂಗುರ ಬಿಚ್ಚಿ ನನ್ನ ಮುಂದಿಟ್ರು.

"ಆಚಾರ್ರೇ, ಬೆರಳಲ್ಲಿ ನಿಲ್ತಿಲ್ಲ. ಸಕ್ರೆ ಬುಟ್ಟಿವ್ನಿ, ದಿನಾ ಹೊಳೆಗಂಟ ನಡೀತೀನಿ, ತೆಳ್ಳಗಾಗಿವ್ನಿ. ಕತ್ತರ್ಸಿ ಚಿಕ್ಕದು ಮಾಡಿ."

"ಕತ್ತರ್ಸಬ್ಯಾಡಿ, ದಾರ ಸುತ್ಕೊಡಿ ಸಾಕು," ಅಂದ್ರು ಹೆಂಡತಿ. "ಇವ್ರು ನಡ್ಯದು ಹೊಳೆಗಂಟ ಅಲ್ಲ, ವಡೆ ಅಂಗ್ಡಿಗಂಟ. ವಡೆ ಮೇಲೆ ಜಾಮೂನು ಬೇರೆ. ವಡೆಯವ್ನೇ ನಂಗೆ ಏಳ್ದ."

ಗೌಡರು ಪೆಚ್ಚಾಗಿ ನಕ್ಕರು. ನಾನೂ ನಕ್ಕೆ. ಉಂಗುರ ಅವರ ಬೆರಳಿಗೆ ಹಾಕಿ ನೋಡಿದ್ರೆ ಗಿರಗಿರ ತಿರುಗ್ತು. ಬಾಯಿ ಸುಮ್ಮನಿರದೆ ಕೇಳ್ಬಿಟ್ಟೆ: "ದಿನಾ ವಡೆ ಜಾಮೂನು ತಿಂದ್ರೆ ಬೆರಳು ಯಾಕೆ ಸಣ್ಣ ಆಯ್ತು?"

ಹೆಂಡತಿ ಮುಖ ಬದಲಾಯ್ತು. "ನಮ್ಮತ್ತೆಗೆ ಸಕ್ರೆ ಕಾಯ್ಲೆ ಸುರು ಆದಾಗ್ಲೂ ಇಂಗೇ ಇಳುದೋಗಿದ್ರು. ನಡೀರಿ, ಮೊದ್ಲು ರಕ್ತ ಪರೀಕ್ಷೆ ಮಾಡ್ಸಣ," ಅಂತ ಉಂಗುರ ನನ್ನ ಹತ್ರಾನೇ ಬಿಟ್ಟು, ಗಂಡನ ಕೈ ಹಿಡ್ಕೊಂಡು ಹೊರಟೇಬಿಟ್ರು.

ಒಂದು ಕಡೆ ಕತ್ತರಿ, ಇನ್ನೊಂದು ಕಡೆ ದಾರ ಇಟ್ಕೊಂಡು ಲ್ಯಾಬ್ ರಿಪೋರ್ಟಿಗೆ ಕಾಯ್ತಾ ಕೂತಿರೋ ಅಕ್ಕಸಾಲಿ ಈ ತಾಲೂಕಿಗೆಲ್ಲ ನಾನೊಬ್ನೇ ಇರ್ಬೇಕು.