ಬೀಗರಿಗೆ ಹೇಳದ ಟ್ರಾಂಬೋನ್

ನನ್ನ ಗಂಡನಿಗೆ ಹಾಡಲು ಬರುತ್ತಿರಲಿಲ್ಲ. ಮಂಗಳಾರತಿಗೆ ಅವರು ಬಾಯಿ ತೆರೆದರೆ ದೇವರೇ ಎದ್ದು ಹೋಗಬೇಕು, ಅಂಥ ಕಂಠ. ಆದರೆ ಟ್ರಾಂಬೋನ್ ಹಿಡಿದರೆ ಮಾತೇ ಬೇರೆ. ಹಿತ್ತಾಳೆಯ ಆ ಉದ್ದನೆಯ ಕೊಳವೆಯನ್ನು ತುಟಿಗಿಟ್ಟು, ಬಲಗೈಯಿಂದ ಅದನ್ನು ಚಾಚಿ ಎಳೆದು ಸ್ವರ ಬದಲಿಸುತ್ತಾ ನಿಂತರೆಂದರೆ ಊಟ ತಿಂಡಿ ನೆನಪಾಗುತ್ತಿರಲಿಲ್ಲ. ಸೇನೆಯ ಬ್ಯಾಂಡಿನಲ್ಲಿ ಕಲಿತ ವಿದ್ಯೆ ಅದು. ಪೆನ್ಶನ್ ಬಂದ ಮೇಲೆ ದೆಹಲಿಯ ಜನಕಪುರಿಯಲ್ಲಿ ನಮ್ಮ ಮನೆಗೆ ಹತ್ತಿರದ ಶಾಲೆಯೊಂದರಲ್ಲಿ ಬ್ಯಾಂಡ್ ಮೇಷ್ಟ್ರಾದರು.

ಮನೆಯಲ್ಲಿ ಊದಿದರೆ ಕೆಳಗಿನ ಫ್ಲಾಟಿನ ಆಂಟಿ ಪೊರಕೆಯ ಹಿಡಿಯಿಂದ ಸೀಲಿಂಗ್ ಕುಟ್ಟುತ್ತಿದ್ದರು. ಹಾಗಾಗಿ ಭಾನುವಾರ ಬೆಳಿಗ್ಗೆ ಪಾರ್ಕಿಗೆ ಹೋಗುತ್ತಿದ್ದರು. ಅಲ್ಲಿ ಅವರ ಸುತ್ತ ಒಂದು ದಂಡು ಸೇರಿತು. ಯಾರೆಂದುಕೊಂಡಿರಿ? ಮದುವೆ ಮೆರವಣಿಗೆಗೆ ಕೆಂಪು ಕೋಟು ಹಾಕಿಕೊಂಡು ಊದುತ್ತಾರಲ್ಲ, ಆ ಬಾಜಾದವರು. ಇವರು ಅವರಿಗೆಲ್ಲ ಬಿಟ್ಟಿ ಪಾಠ ಹೇಳಿ, ಆಮೇಲೆ ಸೀದಾ ಮನೆಗೆ ಕರೆತರುತ್ತಿದ್ದರು. "ಇದು ಮನೆಯೋ, ನನ್ನ ಅಣ್ಣನ ಹೋಟೆಲೋ?" ಎಂದು ಗೊಣಗುತ್ತಲೇ ನಾನು ದೋಸೆ ಹುಯ್ಯುತ್ತಿದ್ದೆ. ಅಣ್ಣನದು ನೋಯ್ಡಾದಲ್ಲಿ ಇಡ್ಲಿ ದೋಸೆಯ ಹೋಟೆಲು. ಆ ಶಿಷ್ಯರಲ್ಲಿ ಒಬ್ಬ, ಎಲ್ಲರಿಗಿಂತ ಹಳಬ, ತಿಂದ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ. ಬೇಡವೆಂದರೂ ಕೇಳುತ್ತಿರಲಿಲ್ಲ.

ಮನೆಗೆಲಸದಲ್ಲಿ ನನ್ನ ಗಂಡನಿಗೆ ನಾಚಿಕೆ ಎಂಬುದಿರಲಿಲ್ಲ. ಮಗಳ ಜಡೆಯನ್ನು ನನಗಿಂತ ಚೆನ್ನಾಗಿ ಹೆಣೆಯುತ್ತಿದ್ದರು. ನಾಚಿಕೆಯೆಲ್ಲ ನನಗೇ. ನಮ್ಮ ಕರಾವಳಿಯಲ್ಲಿ ಊದುವವರೆಂದರೆ ಅಂಗಳದಲ್ಲಿ ನಿಲ್ಲುವವರು, ಕೊನೆಯ ಪಂಕ್ತಿಗೆ ಉಣ್ಣುವವರು. ದೆಹಲಿಗೆ ಬಂದು ಅಷ್ಟು ವರ್ಷವಾದರೂ ಆ ಪಂಕ್ತಿ ನನ್ನ ತಲೆಯಿಂದ ಎದ್ದು ಹೋಗಿರಲಿಲ್ಲ.

ಮಗಳಿಗೆ ಸಂಬಂಧ ಕೂಡಿಬಂತು. ಹುಡುಗನ ತಂದೆ ಕೇಂದ್ರ ಸರ್ಕಾರದ ದೊಡ್ಡ ಅಧಿಕಾರಿ, ಮೈಸೂರು ಕಡೆಯ ಕನ್ನಡದವರೇ. ಹುಡುಗನ ತಾಯಿ ಫೋನಿನಲ್ಲಿ, "ನಿಮ್ಮೆಜಮಾನ್ರು ಸಂಗೀತದ ಮೇಷ್ಟ್ರಂತಲ್ಲ, ಯಾವ ಸಂಗೀತ?" ಎಂದು ಕೇಳಿದರು. ನನ್ನ ಬಾಯಿಗೆ ಏನು ಬಡಿದಿತ್ತೋ, "ಕರ್ನಾಟಕ ಸಂಗೀತ, ಹಾಡುಗಾರಿಕೆ" ಎಂದುಬಿಟ್ಟೆ.

"ಇದೆಂಥ ಮಾರಾಯ್ತಿ! ನಾನು ಎಲ್ಲಿ ಹಾಡಿದ್ದು?" ಎಂದರು ಇವರು.

"ನಿಮ್ಮ ದಮ್ಮಯ್ಯ, ಮದುವೆಯೊಂದು ಮುಗಿಯಲಿ. ಅಲ್ಲಿವರೆಗೆ ಬಾಯಿ ಬಿಡಬೇಡಿ."

ಅವರು ಮಗಳ ಕೋಣೆಯ ಕಡೆ ಒಮ್ಮೆ ನೋಡಿದರು. ಆಮೇಲೆ ತಾವೇ ಟ್ರಾಂಬೋನಿನ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಹೋಗಿ ಅಣ್ಣನ ಗೋದಾಮಿನಲ್ಲಿ ಅಕ್ಕಿಮೂಟೆಗಳ ಹಿಂದೆ ಇಟ್ಟು ಬಂದರು.

ನಿಶ್ಚಿತಾರ್ಥದ ದಿನ ಅವರ ಮನೆಯಲ್ಲಿ ಹುಡುಗನ ದೊಡ್ಡಪ್ಪ, "ಬೀಗರದ್ದು ಒಂದು ದೇವರನಾಮ ಆಗ್ಲಿ" ಎಂದರು. ನನ್ನ ಜೀವ ಬಾಯಿಗೆ ಬಂತು. ಇವರು ಗಂಟಲು ಮುಟ್ಟಿಕೊಂಡು ಕೆಮ್ಮಿದರು. ಬೀಗಿತ್ತಿ ಪಾಪ, ಒಳಗೆ ಹೋಗಿ ಕರಿಮೆಣಸಿನ ಕಷಾಯ ಮಾಡಿಕೊಂಡು ಬಂದರು. ದೊಡ್ಡ ಲೋಟ. ಇವರು ಪೂರ್ತಿ ಕುಡಿದರು. ಮಗಳು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಮದುವೆ ನೋಯ್ಡಾದ ಒಂದು ಕಲ್ಯಾಣಮಂಟಪದಲ್ಲಿ. ನಮ್ಮಲ್ಲಿ ಕುದುರೆ, ಬಾರಾತ್ ಮೆರವಣಿಗೆ ಎಲ್ಲಿಯದು? ಆದರೆ ಹುಡುಗನ ಗೆಳೆಯರೆಲ್ಲ ದೆಹಲಿಯವರು. ಬ್ಯಾಂಡಿಲ್ಲದೆ ಶಾದಿಯೇ ಅಲ್ಲ ಎಂದು ಹಟ ಹಿಡಿದು ತಾವೇ ಕರೆಸಿದ್ದರು. ನಾನು ಆರತಿ ತಟ್ಟೆ ಹಿಡಿದು, ಇವರು ಜರಿ ಪೇಟ ಸುತ್ತಿ, ಬಾಗಿಲಲ್ಲಿ ವರನನ್ನು ಎದುರುಗೊಳ್ಳಲು ನಿಂತಿದ್ದೆವು. ಬಾಜಾ ಹತ್ತಿರ ಬಂತು. ಇದ್ದಕ್ಕಿದ್ದಂತೆ ಟ್ರಾಂಬೋನ್ ನಿಂತಿತು. ಕೆಂಪು ಕೋಟಿನ ಒಬ್ಬ ಸಾಲು ಬಿಟ್ಟು ಓಡಿಬಂದು ಇವರ ಪಾದಕ್ಕೆ ಬಗ್ಗಿದ. ತಟ್ಟೆ ತೊಳೆದಿಡುತ್ತಿದ್ದವನೇ.

"ಮಾಸ್ಟರ್‌ಜೀ! ಆಪ್ ಯಹಾಂ?" ಎಂದ. ಮುಖವೆಲ್ಲ ನಗು. ತಿರುಗಿ ತನ್ನವರಿಗೆ, "ಅರೇ, ಮೇರೇ ಗುರು ಹೈ ಯೇ!" ಎಂದು ಕೂಗಿದ.

ಬೀಗರು ಪಕ್ಕದಲ್ಲೇ ಇದ್ದರು. "ಇವರು ನಿಮಗೆ ಪರಿಚಯವಾ?" ಎಂದು ಕೇಳಿದರು.

ಇವರು ನನ್ನ ಕಡೆ ನೋಡಿದರು. ಹೂಂ ಎಂದರೆ ಸಾಕು, ಹೇಳಿಬಿಡುತ್ತಿದ್ದರು; ಅದು ನನಗೆ ಆಗಲೂ ಗೊತ್ತಿತ್ತು. ನಾನು ತಲೆ ಅಲ್ಲಾಡಿಸಿದೆ. ಬೇಡ ಎಂದು.

"ನಹೀಂ ಭಯ್ಯಾ," ಎಂದರು ಇವರು. "ಕಿಸೀ ಔರ್ ಕೋ ಸಮಝ್ ರಹೇ ಹೋ." ಬೇರೆ ಯಾರೋ ಅಂದುಕೊಂಡಿದ್ದೀಯ ಎಂದು.

ಅವನು ಇವರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಕೈಯ ದೋಸೆ ಎಷ್ಟು ಭಾನುವಾರ ತಿಂದಿದ್ದನೋ, ನನ್ನನ್ನು ಗುರುತಿಸದಿರುತ್ತಾನೆಯೇ? ಎಲ್ಲ ಅರ್ಥವಾಯಿತು ಅವನಿಗೆ. "ಗಲತೀ ಹೋ ಗಯೀ, ಸಾಬ್" ಎಂದು ತಪ್ಪನ್ನು ತನ್ನ ಮೇಲೇ ಹಾಕಿಕೊಂಡು ಬೀಗರಿಗೂ ಕೇಳುವಂತೆ ಹೇಳಿ, ಕೈ ಮುಗಿದು, ಸಾಲಿಗೆ ಮರಳಿ ಮತ್ತೆ ಊದತೊಡಗಿದ. ನಾನು ಅಳಿಯನಿಗೆ ಆರತಿ ಎತ್ತಿದೆ. ಥೂ ನನ್ನ ಜನ್ಮವೇ ಅನ್ನಿಸುತ್ತಿತ್ತು, ಆದರೂ ಫೋಟೋದಲ್ಲಿ ನಗುತ್ತಿದ್ದೇನೆ.

ಮದುವೆಯ ಮಾರನೆಯ ವಾರ ಮಗಳು ಮನೆಗೆ ಬಂದಾಗ ಇದನ್ನೆಲ್ಲ ಹೇಳಿಕೊಂಡೆ. ಅವಳು ತಲೆ ತಲೆ ಚಚ್ಚಿಕೊಂಡಳು. "ಅಮ್ಮಾ, ನಿನ್ನ ಅಳಿಯನಿಗೆ ನಾನು ಪೆಹಲೇ ದಿನಾನೇ ಹೇಳಿದ್ದೆ, ಸಬ್ ಬತಾ ದಿಯಾ ಥಾ! ಅತ್ತೆಗೂ ಗೊತ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಅವರು ಚುಪ್ ಇದ್ರು."

ಆ ಕಷಾಯವನ್ನು ಬೀಗಿತ್ತಿ ಗೊತ್ತಿದ್ದೇ ಮಾಡಿಕೊಟ್ಟಿದ್ದರೆಂದಾಯಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ.

"ಇನ್ನೇನು, ಪಾರ್ಕಿಗೆ ಹೋಗಿ" ಎಂದೆ ಇವರಿಗೆ. ಇವರು ಹೋಗಲಿಲ್ಲ. ಒಂದು ಭಾನುವಾರ ಕಳೆಯಿತು, ಇನ್ನೊಂದು ಕಳೆಯಿತು. ಕೊನೆಗೆ ಶಿಷ್ಯರಿಬ್ಬರು ಬಾಳೆಹಣ್ಣು ಹಿಡಿದುಕೊಂಡು ಮನೆ ಬಾಗಿಲಿಗೆ ಬಂದರು. ಮಾಸ್ಟರ್‌ಜೀಗೆ ತಬಿಯತ್ ಸರಿಯಿಲ್ಲವಂತೆ, ನಮ್ಮಲ್ಲಿ ಎಲ್ಲರಿಗಿಂತ ಹಳೇ ಭಯ್ಯಾ ಹೇಳಿದರು, ಗಂಟಲಿಗೆ ಏನೋ ಆಗಿದೆಯಂತೆ, ಯಾರೂ ತೊಂದರೆ ಕೊಡಬೇಡಿ ಅಂದಿದ್ದಾರೆ, ಆದರೂ ನೋಡಿಕೊಂಡು ಹೋಗೋಣವೆಂದು ಬಂದೆವು ಎಂದರು. ಇವರು ಒಳಗಿನ ಕೋಣೆಯಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಹಣ್ಣು ತೆಗೆದುಕೊಂಡು, ಮಲಗಿದ್ದಾರೆ ಎಂದು ಹೇಳಿ ಕಳಿಸಿದೆ.

ಒಳಗೆ ಹೋದಾಗ ಮಂಚದ ಮೇಲೆ ಕೂತಿದ್ದರು.

"ಅವನು ನನ್ನನ್ನು ಬೈದುಕೊಂಡು ತಿರುಗಿದ್ದರೆ ಹೋಗಬಹುದಿತ್ತು," ಎಂದರು. "ಎಲ್ಲರೆದುರು ನಾಲ್ಕು ಮಾತು ಅನ್ನಿಸಿಕೊಂಡು ಬರುತ್ತಿದ್ದೆ. ಅವನು ನನ್ನ ಮರ್ಯಾದೆ ಕಾಯುತ್ತಿದ್ದಾನೆ. ಇನ್ನು ಯಾವ ಮುಖ ಇಟ್ಟುಕೊಂಡು ಪಾಠ ಹೇಳಲಿ?"

ಹೇಳಲಿಲ್ಲ. ಶಾಲೆಯ ಕೆಲಸವನ್ನೂ ಆ ವರ್ಷವೇ ಬಿಟ್ಟರು. ಇದ್ದಷ್ಟು ದಿನ ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈಯಿರಿ ಎಂದು ನಾನೇ ಎಷ್ಟೋ ಸಲ ಜಗಳ ತೆಗೆದೆ.