ದಪ್ಪ ಕಾರ್ಡಿಗೆ ಹೊಂದುವ ಬೋರ್ಡು

ಮೊಮ್ಮಗಳು ಆ ಕಾರ್ಡನ್ನು ಮನೆಗೆ ತಂದ ದಿನ ನಾನು ಅದನ್ನು ಕೈಯಲ್ಲಿ ಹಿಡಿದು, ಇಟ್ಟಿಗೆಯ ತೂಕ ಇದೆಯಲ್ಲ ಅಂದುಕೊಂಡೆ. ಕರಿ ಬಣ್ಣ, ಒಂದು ಮಗ್ಗುಲಿಗೆ ಎರಡು ಸಣ್ಣ ಫ್ಯಾನು. ಗ್ರಾಫಿಕ್ಸ್ ಕಾರ್ಡ್ ಎಂದು ಹೆಸರು ಹೇಳಿದಳು. ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವವರಿಗೆ ಇದು ಬೇಕಂತೆ. ಬಹಳ ದೊಡ್ಡದೂ ಅಲ್ಲ, ತೀರ ಹಗುರದ್ದೂ ಅಲ್ಲ, ನಡುವಿನದು ಎಂದಳು. ಸ್ಟುಡಿಯೋದಲ್ಲಿ ದುಡಿದ ಹಣದಲ್ಲಿ ಕೊಂಡಿದ್ದಳು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ ರೀತಿ ನೋಡಿ, ಇವಳು ಕೂಸು ಹೆತ್ತರೂ ಇಷ್ಟು ಜೋಪಾನ ಮಾಡಲಿಕ್ಕಿಲ್ಲ ಅನ್ನಿಸಿತು. ಅಂದೂ ಬಿಟ್ಟೆ. ಅವಳು ನಕ್ಕಳು.

ನಾವು ಕುರಿ ಸಾಕುವ ಮಂದಿ. ಹಾರೂಗೇರಿಯಿಂದ ಆಚೆ, ಕಬ್ಬಿನ ನಡುವೆ ಒಂದು ಸಣ್ಣ ಮನೆ ಇದೆ. ಮಗ ಮತ್ತು ಸೊಸೆ ದಸರಾ ಮುಗಿಸಿಕೊಂಡು ಹಿಂಡು ಹೊಡೆದುಕೊಂಡು ಹೊಳೆಯ ದಂಡೆಗೆ ಹೋದರೆ, ಕಬ್ಬು ಕಡಿದ ಹೊಲಗಳಲ್ಲಿ ಕುರಿ ಮಲಗಿಸುತ್ತ, ಮೊದಲ ಮಳೆಗೇ ತಿರುಗಿ ಬರುವುದು. ಮೊಣಕಾಲು ಹಾಳಾಗುವವರೆಗೆ ನಾನೂ ಹೋಗುತ್ತಿದ್ದೆ. ಈಗ ಮನೆ ಕಾಯುತ್ತೇನೆ. ಅವರ ಮಗಳು ಓದಿದವಳು, ಕುರಿಯ ಹಿಂದೆ ಹೋಗಲಿಲ್ಲ. ಹಾಗಾಗಿ ಎಂಟು ತಿಂಗಳು ನಾವಿಬ್ಬರೇ.

ಅವಳು ಹಾರೂಗೇರಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಳು. ಅದರ ಮಾಲಕ ಅಂಗಡಿಯನ್ನು ಮಿರಜಕ್ಕೆ ಒಯ್ದ. ಹೋಗುವಾಗ ಅವಳಿಗೆ ಎರಡು ದಾರಿ ಹೇಳಿದ. ಮಿರಜಕ್ಕೆ ಬಾ, ಇರಲು ಕೋಣೆ ಕೊಡುತ್ತೇನೆ. ಇಲ್ಲ, ತುಳಸಿ ಲಗ್ನದೊಳಗೆ ನಿನ್ನದೇ ಒಂದು ಮಶೀನು ಮಾಡಿಕೋ, ಕೆಲಸ ಮನೆಗೆ ಕಳಿಸುತ್ತೇನೆ. ತುಳಸಿ ಲಗ್ನ ಆಯಿತೆಂದರೆ ಮದುವೆಗಳು ಶುರು. ಆಮೇಲೆ ಅವನು ಯಾರಿಗೂ ಕಾಯುವುದಿಲ್ಲ.

ಅವಳು ಮನೆಯಲ್ಲೇ ಇರಬೇಕು ಅನ್ನುವುದು ನನ್ನ ಆಸೆ. ಪ್ರೀತಿ ಗೀತಿ ಅಂತ ದೊಡ್ಡ ಮಾತು ಬೇಡ. ಮಾತಾಡಲು ನನಗೆ ಇನ್ನೊಂದು ಬಾಯಿ ಬೇಕಿತ್ತು. ಕಬ್ಬು ಆಳೆತ್ತರ ಬೆಳೆದ ಮೇಲೆ ನಮ್ಮ ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಅವಳು ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ನಾನು ನಾಯಿಯ ಜೊತೆ ಮಾತಾಡುತ್ತಿದ್ದೆ. ಅದು ಮುದಿ ನಾಯಿ, ಅದಕ್ಕೆ ಕಿವಿ ಕೇಳುವುದಿಲ್ಲ.

ಸ್ಟುಡಿಯೋದವನು ಕೊನೆಯ ತಿಂಗಳ ಪಗಾರದ ಬದಲು ಹಳೆಯ ಮಶೀನಿನ ಪ್ರೊಸೆಸರ್, ರ‍್ಯಾಮ್ ಮತ್ತು ಖಾಲಿ ಕ್ಯಾಬಿನೆಟ್ ಕೊಟ್ಟಿದ್ದ; ಪರದೆ, ಡಿಸ್ಕು, ಕರೆಂಟಿನ ಡಬ್ಬಿಯೂ ಅದರೊಡನೆ ಬಂದಿದ್ದವು. ಕಾರ್ಡು ಬಂದಿತ್ತು. ಇಲ್ಲದ್ದು ಮದರ್‌ಬೋರ್ಡ್ ಒಂದೇ. ಅದೊಂದು ಹಲಗೆ, ಉಳಿದ ಸಾಮಾನೆಲ್ಲ ಅದರ ಮೇಲೆ ಕೂರುತ್ತವೆ.

"ಒಂದು ಹಲಿಗಿ ತರಾಕ ಇಷ್ಟ್ಯಾಕ ವಿಚಾರ ಮಾಡತಿ?" ಎಂದೆ.

"ಎಲ್ಲಾದಕ್ಕೂ ಹೊಂದಬೇಕ್ ಆಯಿ. ಪ್ರೊಸೆಸರ್ ಕುಂದ್ರೂ ಮನಿ ಬ್ಯಾರೆ ಬ್ಯಾರೆ ಇರತೈತಿ. ರ‍್ಯಾಮ್ ಹಳೇದು, ಹೊಸಾ ಬೋರ್ಡಿಗೆ ಅದು ಹೋಗೂದಿಲ್ಲ. ಕಾರ್ಡ್ ದಪ್ಪ ಐತಿ, ಬಾಜೂ ಜಾಗಾನೂ ತಿಂತೈತಿ. ಮತ್ತ ಕ್ಯಾಬಿನೆಟ್ಟಿನ್ಯಾಗ ಹಿಡೀಬೇಕು."

"ನಿಮ್ಮವ್ವನ್ನ ತರಬೇಕಾದ್ರ ನಾವು ಇಷ್ಟ ನೋಡಿರಲಿಲ್ಲ."

"ಅದಕ್ಕ ಇಬ್ರೂ ದಿನಾ ಜಗಳಾಡತೀರಿ."

ನಾನು ಟಾವೆಲು ಹುಡುಕಲು ಎದ್ದೆ.

ಚಿಕ್ಕೋಡಿಗೆ ಇಬ್ಬರೂ ಹೋದೆವು. ಕಾರ್ಡನ್ನು ಟಾವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟು ನಾನು ಹಿಡಿದೆ. ಅಂಗಡಿಯವನು ಮೊದಲು ಒಂದು ಸಣ್ಣ ಬೋರ್ಡು ತೆಗೆದ. ಪ್ರೊಸೆಸರಿಗೆ ಹೊಂದಿತು, ರ‍್ಯಾಮಿಗೂ ಹೊಂದಿತು. ಹುಡುಗಿ ಕಾರ್ಡನ್ನು ಅದರ ಮೇಲೆ ಇಟ್ಟು ನೋಡಿದಳು. ಕಾರ್ಡು ಸಿಕ್ಕಿಸಲು ಕೆಳಗಿದ್ದ ಇನ್ನೊಂದು ಸಂದು ಇದರ ಅಡಿಗೆ ಮುಚ್ಚಿಹೋಯಿತು. ಇಂಟರ್ನೆಟ್ ಹಿಡಿಯುವ ಸಣ್ಣ ಕಾರ್ಡು ಅಲ್ಲಿ ಕೂರಬೇಕು. ನಮ್ಮ ಮನೆಗೆ ತಂತಿ ಬರುವುದಿಲ್ಲ, ಗಾಳಿಯಲ್ಲಿ ಬರುವುದನ್ನೇ ಹಿಡಿಯಬೇಕು.

"ಹೊಸಾ ಮಾದರಿ ತಗೊರ‍್ರಿ ಅಕ್ಕಾರ, ಇಂಟರ್ನೆಟ್ ಹಿಡಿಯೂದೂ ಬೋರ್ಡಿನ್ಯಾಗ ಇರತೈತಿ" ಎಂದ ಅಂಗಡಿಯವನು.

"ಹೊಸಾದು ತಗೊಂಡ್ರ ಪ್ರೊಸೆಸರೂ ಹೊಸಾದು, ರ‍್ಯಾಮೂ ಹೊಸಾದು. ಹಂಗಾರ ನನ್ನ ಕಡೆ ಇರೂದನ್ನ ಏನ್ ಮಾಡ್ಲಿ?"

"ಮಾರಿಬಿಡ್ರಿ."

"ತಮ್ಮಾ" ಎಂದೆ ನಾನು, "ಅಂಗಿ ಗುಂಡಿ ಹರದ್ರ ನೀ ಅಂಗೀನ ಒಗೀತಿ ಏನು?"

ಅವನಿಗೆ ಸಿಟ್ಟು ಬರಲಿಲ್ಲ. ನಿಪ್ಪಾಣಿಯಲ್ಲಿ ಇಂಥ ಹಳೆಯ ಮಾದರಿಯ ಅಗಲ ಬೋರ್ಡು ಸಿಗಬಹುದು ಎಂದು ಒಂದು ಅಂಗಡಿಯ ಗುರುತು ಹೇಳಿ ಕಳಿಸಿದ.

ನಿಪ್ಪಾಣಿಯ ಅಂಗಡಿಯವನು ನಡುವಯಸ್ಸಿನವನು. ಗಿರಾಕಿಗಳ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ. ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದ. ಇದೊಂದೇ ಉಳಿದಿದೆ ಎಂದ. ಆ ಬೋರ್ಡು ಅಗಲವಾಗಿತ್ತು. ದಪ್ಪ ಕಾರ್ಡು ಇಟ್ಟ ಮೇಲೂ ಕೆಳಗೆ ಎರಡು ಸಂದು ತೆರೆದೇ ಇದ್ದವು. ಹುಡುಗಿಯ ಮುಖ ಅರಳಿತು. ಆಮೇಲೆ ಬಾಡಿತು.

"ಕ್ಯಾಬಿನೆಟ್ ಅಳತಿ ತಂದಿಲ್ಲಲ್ಲ ಆಯಿ."

ಕ್ಯಾಬಿನೆಟ್ಟಿನ ಒಳಗಿನ ಜೇಡರ ಬಲೆ ತೆಗೆದವಳು ನಾನು. ಕೈ ಒಳಗೆ ಹಾಕಿ ಬಟ್ಟೆ ಆಡಿಸಿದ್ದೆ. ಬೋರ್ಡಿನ ಮೇಲೆ ಗೇಣು ಇಟ್ಟು ನೋಡಿ, ಹಿಡಿಯುತ್ತದೆ, ಮೇಲೆ ಎರಡು ಬೆರಳು ಉಳಿಯುತ್ತದೆ ಎಂದೆ.

"ಆಜೀ, ಹಿಡೀಲಿಲ್ಲಂದ್ರ ತಿರುಗಿ ತಗೊಳ್ಳೂದಿಲ್ರಿ" ಎಂದು ಅಂಗಡಿಯವನು ನಕ್ಕ. "ಸಾಮಾನು ಎಲ್ಲಾ ತಂದು ಕೊಡ್ರಿ, ನಾನ ಹಚ್ಚಿ ಕೊಡ್ತೀನಿ."

ಹುಡುಗಿ ಒಪ್ಪಲಿಲ್ಲ. ತನ್ನ ಮಶೀನು ತನ್ನ ಕೈಯಿಂದಲೇ ಆಗಬೇಕು ಎಂದಳು. ಬೋರ್ಡು ಕೊಂಡು ನಾವು ಬಸ್ ಹಿಡಿದೆವು. ಮನೆಗೆ ಬಂದು ಇಟ್ಟು ನೋಡಿದರೆ ಬೋರ್ಡು ಹಿಡಿಯಿತು. ಎರಡು ಬೆರಳಲ್ಲ, ಒಂದೇ ಬೆರಳು ಉಳಿಯಿತು.

ಮಾರನೆಯ ದಿನ ಬೆಳಿಗ್ಗೆ ಜೋಡಿಸಲು ಕೂತಳು. ಬರಿ ನೆಲದ ಮೇಲೆ ಬೋರ್ಡು ಇಡಲು ಹೊರಟಾಗ ನಾನು ತಡೆದೆ. ನಮ್ಮಲ್ಲಿ ಯಾವ ಒಳ್ಳೆಯ ಕೆಲಸವೂ ಬರಿ ನೆಲದ ಮೇಲೆ ಆಗುವುದಿಲ್ಲ. ಮದುವೆ ಇರಲಿ, ತೊಟ್ಟಿಲು ಇರಲಿ, ಮೊದಲು ನಮ್ಮ ಕುರಿಗಳದೇ ಉಣ್ಣೆಯ ಕರಿ ಕಂಬಳಿ ಹಾಸಿ, ಜೋಳದಿಂದ ಗೆರೆ ಹಾಕಿ ಗದ್ದಿಗೆ ಮಾಡಬೇಕು. ಕೂರುವವರು ಅದರ ಮೇಲೆಯೇ ಕೂರಬೇಕು. ಇವಳು ಬದುಕು ಕಟ್ಟಲು ಕೂತಿದ್ದಾಳೆ, ಇದಕ್ಕಿಂತ ಒಳ್ಳೆಯ ಕೆಲಸ ಯಾವುದು?

"ಆಯಿ, ಇದೇನ್ ಮದಿವೀ ಏನ್ ಬೇ?"

"ಮದಿವಿ ಆಗು ಅಂದ್ರ ಒಲ್ಲೆ ಅಂತಿ. ಇದರದಾದ್ರೂ ಆಗ್ಲಿ."

ಹಾಸಲು ಬಿಟ್ಟಳು. ಹೊಸ ಕಂಬಳಿ, ಕೂದಲು ಉದುರುತ್ತಿತ್ತು. ಬೋರ್ಡಿನ ನಡುವೆ ಒಂದು ಚೌಕ, ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು. ಪ್ರೊಸೆಸರ್ ಅವುಗಳ ಮೇಲೆ ಕೂರುತ್ತದೆ. ಮೇಲಿನ ಮುಚ್ಚಳ ತೆಗೆದು ಪ್ರೊಸೆಸರ್ ಎತ್ತಿಕೊಳ್ಳುವಷ್ಟರಲ್ಲಿ ಒಂದು ಉಣ್ಣೆಯ ಎಳೆ ಹಾರಿ ಆ ಮುಳ್ಳುಗಳಲ್ಲಿ ಸಿಕ್ಕಿತು. ಊದಿದಳು, ಹೋಗಲಿಲ್ಲ. ಕಾಲಿನ ಮುಳ್ಳು ತೆಗೆಯುವ ಚಿಮಟಿಗೆ ನನ್ನ ಸೊಂಟದಲ್ಲಿ ಯಾವಾಗಲೂ ಇರುತ್ತದೆ. ಕೊಟ್ಟೆ. ಅವಳು ಎಳೆ ಹಿಡಿದು ಜಗ್ಗಿದಳು. ಬಂತು. ಎಲ್ಲ ಬಂತು ಎಂದುಕೊಂಡೆವು.

ಮಧ್ಯಾಹ್ನಕ್ಕೆ ಮಶೀನು ಶುರುವಾಯಿತು. ಪರದೆಯಲ್ಲಿ ಬೆಳಕು ಬಂತು. ಕಾರ್ಡಿನ ಫ್ಯಾನುಗಳೂ ತಿರುಗಿದವು. ಆದರೆ ಕಾರ್ಡು ಇದೆ ಎಂಬುದೇ ಮಶೀನಿಗೆ ಗೊತ್ತಾಗಲಿಲ್ಲ. ಬಿಚ್ಚಿದಳು, ಮತ್ತೆ ಹಾಕಿದಳು. ಮತ್ತೆ ಬಿಚ್ಚಿದಳು. ಮನೆಗೆ ಬಂದ ಬೀಗರ ಕಡೆ ಕಣ್ಣೆತ್ತಿ ನೋಡದವರ ಹಾಗೆ ಕೂತಿತ್ತು ಆ ಬೋರ್ಡು.

"ಹೊಂದಲಿಲ್ಲೇನು?" ಎಂದೆ.

"ಹೊಂದಬೇಕಾಗಿತ್ತು."

ಸಂಜೆ ಅಂಗಳದಲ್ಲಿ ನಿಂತು ಅವಳು ಮಿರಜಕ್ಕೆ ಫೋನು ಮಾಡಿದಳು. ನಾನು ಕೇಳಿಸಿಕೊಳ್ಳಲೆಂದು ಹೋಗಲಿಲ್ಲ, ಮನೆಯೇ ಅಷ್ಟು ಸಣ್ಣದು. "ಕೋಣಿ ಇನ್ನೂ ಖಾಲಿ ಐತೇನ್ರಿ ಸರ್?" ಎಂದು ಕೇಳುತ್ತಿದ್ದಳು. ನಾನು ಒಲೆಯ ಮುಂದೆ ಕೂತು ಸಾರು ಮಾಡಿದೆ. ಒಬ್ಬಳಿಗಾದರೆ ಯಾವ ಪಾತ್ರೆ ಸಾಕು ಎಂದು ಪಾತ್ರೆಗಳ ಕಡೆ ನೋಡಿದೆ. ಸಣ್ಣದೊಂದು ಇತ್ತು.

ಮರುದಿನ ಎಲ್ಲವನ್ನೂ ಕಟ್ಟಿಕೊಂಡು ಮತ್ತೆ ನಿಪ್ಪಾಣಿಗೆ ಹೋದೆವು. ಅಂಗಡಿಯವನು ಪ್ರೊಸೆಸರ್ ಎತ್ತಿ, ಭೂತಗನ್ನಡಿ ಹಿಡಿದು ಆ ಚೌಕದೊಳಗಿನ ಮುಳ್ಳುಗಳನ್ನು ನೋಡಿದ.

"ಎರಡು ಪಿನ್ ಮಲಗ್ಯಾವು ನೋಡ್ರಿ. ಕಾರ್ಡಿನ ಸುದ್ದಿ ಒಯ್ಯೂ ಪಿನ್ನ ಇರಬೇಕು. ಬೋರ್ಡು ಕಾರ್ಡು ಹೊಂದ್ಯಾವ, ಅದರಾಗ ತಪ್ಪಿಲ್ಲ." ಆಮೇಲೆ ಸೂಜಿಯ ತುದಿಯಿಂದ ಒಂದು ತುಂಡು ಎಳೆ ಎತ್ತಿ ಬೆಳಕಿಗೆ ಹಿಡಿದ. "ಇದೇನ್ರಿ ಆಜೀ? ಯಾರ ಕೂದಲು ಇದು?"

"ಟಗರಿಂದು" ಎಂದೆ.

ಕಂಬಳಿಯ ಕತೆ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ. ಹುಡುಗಿ ನಗಲಿಲ್ಲ. ಇದು ಗ್ಯಾರಂಟಿಯಲ್ಲಿ ಬರುವುದಿಲ್ಲ, ನೆಟ್ಟಗೆ ಮಾಡಲು ಹೋದರೆ ಮುರಿಯಲೂಬಹುದು, ಮುರಿದರೆ ಇಂಥ ಬೋರ್ಡು ತನ್ನ ಬಳಿ ಇನ್ನೊಂದಿಲ್ಲ ಎಂದ ಅಂಗಡಿಯವನು. ಮಾಡಲೋ ಬೇಡವೋ ಎಂದು ಕೇಳಿದ. ಅವಳು ನನ್ನ ಕಡೆ ನೋಡಿದಳು.

"ನನ್ನ ಏನ್ ನೋಡತಿ? ಮಿರಜಕ್ಕ ಹೋಗಾಕಿ ನೀನು, ಇಲ್ಲಿ ಇರಾಕಿ ನೀನು."

"ಮಾಡ್ರಿ" ಎಂದಳು ಅವನಿಗೆ.

ಅವನು ಉಸಿರು ಬಿಗಿಹಿಡಿದು ಸೂಜಿ ಆಡಿಸಿದ. ನಾನು ರಸ್ತೆಯ ಕಡೆ ನೋಡುತ್ತ ಕೂತೆ. ತಂಬಾಕಿನ ಘಾಟು ಬರುತ್ತಿತ್ತು, ಸೀನು ಬಂತು, ತಡೆದುಕೊಂಡೆ. ಪಿನ್ನು ಎರಡೂ ಎದ್ದು ನಿಂತವು. ಎಲ್ಲ ಜೋಡಿಸಿ ಗುಂಡಿ ಒತ್ತಿದಾಗ ಪರದೆಯ ಮೇಲೆ ಕಾರ್ಡಿನ ಹೆಸರು ಬಂತು. ಅವಳು ಅದನ್ನು ಬೆರಳಿಟ್ಟು ತೋರಿಸಿದಳು. ಇಂಗ್ಲಿಷು, ನನಗೆ ಓದಲು ಬರಲಿಲ್ಲ. ಅವಳೇ ಎರಡು ಸಲ ಓದಿ ಹೇಳಿದಳು.

ತಿರುಗಿ ಬರುವಾಗ ಬಸ್ಸಿನಲ್ಲೇ ಮಿರಜಕ್ಕೆ ಫೋನು ಮಾಡಿ, ಬರುವುದಿಲ್ಲ, ಕೆಲಸ ಮನೆಗೇ ಕಳಿಸಿ ಎಂದಳು. ನಾನು ಕಿಡಕಿಯ ಕಡೆ ಮುಖ ಮಾಡಿ ಕೂತೆ. ಗೆದ್ದೆ ಅನ್ನಿಸಿತ್ತು.

ಇದಾಗಿ ಎರಡು ಹಂಗಾಮು ಕಳೆದಿವೆ. ಮಶೀನು ಚೆನ್ನಾಗಿದೆ. ಕೆಲಸ ಬೇಕಾದಷ್ಟು ಬರುತ್ತದೆ. ಅಥಣಿಯ ಮದುವೆ, ಕಾಗವಾಡದ ಮದುವೆ, ಉಗಾರದ ಮದುವೆ, ಎಲ್ಲವೂ ನಮ್ಮ ಪಡಸಾಲೆಯ ಗೋಡೆಯ ಕಡೆಗಿರುವ ಪರದೆಯಲ್ಲಿ ನಡೆಯುತ್ತವೆ. ಸಪ್ಪಳ ಇಲ್ಲ. ಸಪ್ಪಳವೆಲ್ಲ ಅವಳು ಕಿವಿಗೆ ಹಾಕಿಕೊಂಡ ಹೆಡ್‌ಫೋನಿನ ಒಳಗೆ. ಬಾಯಿ ತೆರೆದು ಹಾಡುವವರನ್ನು, ಅಳುವ ತಾಯಂದಿರನ್ನು ನಾನು ಹಿಂದೆ ಕೂತು ನೋಡುತ್ತೇನೆ. ಯಾರು, ಯಾವ ಊರವರು ಎಂದು ಕೇಳಬೇಕೆಂದರೆ ಅವಳ ಭುಜ ಮುಟ್ಟಬೇಕು. ಮುಟ್ಟಿದರೆ ಬೆಚ್ಚುತ್ತಾಳೆ. ಅದಕ್ಕೆ ಕೇಳುವುದು ಬಿಟ್ಟೆ.

ಒಂದು ಲೆಕ್ಕ ನಾನು ಹಾಕಿರಲಿಲ್ಲ. ಮೊದಲು ಅವಳು ಹಾರೂಗೇರಿಗೆ ಹೋಗುತ್ತಿದ್ದಳಲ್ಲ, ಸಂಜೆ ಬರುವಾಗ ಬಾಯಿ ತುಂಬ ಸುದ್ದಿ ತರುತ್ತಿದ್ದಳು. ಬಸ್ಸಿನಲ್ಲಿ ಯಾರು ಜಗಳಾಡಿದರು, ಸಂತೆಯಲ್ಲಿ ಮೆಣಸಿನಕಾಯಿ ಹೇಗಿತ್ತು, ಮಾಲಕನ ಹೆಂಡತಿ ಯಾಕೆ ಸಿಟ್ಟಾದಳು. ರೊಟ್ಟಿ ಬಡಿಯುವುದು ಮುಗಿಯುವ ತನಕ ಸುದ್ದಿ ಮುಗಿಯುತ್ತಿರಲಿಲ್ಲ. ಈಗ ಅವಳು ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ. ಹೇಳಲು ಅವಳ ಬಳಿ ಏನೂ ಇರುವುದಿಲ್ಲ. ಕೆಟ್ಟ ಹುಡುಗಿಯಲ್ಲ. ನನ್ನ ಔಷಧ ತರಿಸುತ್ತಾಳೆ, ಹಂಡೆ ತುಂಬುತ್ತಾಳೆ, ಹೊತ್ತಿಗೆ ಉಣ್ಣುತ್ತಾಳೆ. ಉಣ್ಣುವಾಗಲೂ ಕಣ್ಣು ಪರದೆಯ ಕಡೆ.

ಮೊನ್ನೆ ಅವಳ ಬೆನ್ನ ಹಿಂದೆ ನಿಂತು ನೆಟ್ಟಗೆ ಹೇಳಿಬಿಟ್ಟೆ.

"ನೀ ಮಿರಜಕ್ಕ ಹೋಗಿದ್ರ, ಐತಾರಕ್ಕೊಮ್ಮೆ ಬಂದು ನನ್ನ ಸಂಗಾಟ ಮಾತಾಡತಿದ್ದಿ."

ಅವಳು ಒಂದು ಕಿವಿಯಿಂದ ಹೆಡ್‌ಫೋನು ಸರಿಸಿ ತಿರುಗಿದಳು. ಕಣ್ಣು ಕೆಂಪಾಗಿದ್ದವು.

"ಏನಂದಿ ಆಯಿ?"

"ರೊಟ್ಟಿ ಆರತಾವ ಅಂದೆ."

"ಬಂದೆ, ಐದ ಮಿನಿಟು" ಎಂದು ಕಿವಿ ಮುಚ್ಚಿಕೊಂಡಳು.

ನಾನು ರೊಟ್ಟಿಯ ಮೇಲೆ ಬಟ್ಟೆ ಹೊದಿಸಿ ನನ್ನ ಪಾಲಿನದನ್ನು ತಿಂದೆ.