ಎಲ್ಲರನ್ನೂ ಕೇಳುವ ಕಾಶವ್ವನನ್ನು ಯಾರೂ ಕೇಳಿಲ್ಲ

ಪುಣೆಯ ಯೆರವಡಾದ ಓಣಿಯಲ್ಲಿ ಬೆಳಗಿನ ನಳದ ಸರದಿ ಇನ್ನೂ ಮುಗಿದಿಲ್ಲ. ರಕ್ತದ ಮಾದರಿ ಇಡುವ ಐಸ್ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡ ಕಾಶವ್ವ ಒಂದು ಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಯಾರ ಮನೆ ಎಂದು ಬರೆಯುವಂತಿಲ್ಲ. ಕಾಶವ್ವ ಮನೆಮನೆ ಸುತ್ತುವ ಈ ಆರೋಗ್ಯ ಅಧ್ಯಯನದಲ್ಲಿ ಯಾರಿಗೂ ಹೆಸರಿಲ್ಲ, ಬರೀ ನಂಬರು.

"ಚಹಾ ಕುಡದಿಲ್ಲಲ್ರಿ?" ಎಂದು ಕೇಳಿ ಒಳಹೋಗುತ್ತಾರೆ. ಖಾಲಿ ಹೊಟ್ಟೆಯಲ್ಲೇ ರಕ್ತ ತೆಗೆಯಬೇಕು. ಸೂಜಿಯದೇನು, ಕ್ಷಣದ ಕೆಲಸ. ಕಷ್ಟವೆಲ್ಲ ಆಮೇಲಿನ ಪ್ರಶ್ನೆಗಳದ್ದು: ಸಣ್ಣವರಿದ್ದಾಗ ಹಸಿದು ಮಲಗಿದ್ದಿರಾ? ಮನೆಯಲ್ಲಿ ಯಾರದಾದರೂ ಹೆದರಿಕೆ ಇತ್ತೇ? ನಡುವೆ ಯಾರೂ ನುಗ್ಗದಂತೆ ಕಾಶವ್ವ ಬಾಗಿಲಿಗೇ ಬೆನ್ನು ಕೊಟ್ಟು ಕೂಡುತ್ತಾರೆ. ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನನಗೆ ಹೊರಗಿನ ಕಟ್ಟೆಯೇ ಗತಿ.

ಬಾಲ್ಯದ ಪೆಟ್ಟು ದೊಡ್ಡವರಾದ ಮೇಲೂ ಮನಸ್ಸನ್ನು ಯಾಕೆ ಕಾಡುತ್ತದೆ ಎಂಬುದರ ಹುಡುಕಾಟವಿದು. "ಜೀನ್ ಬದಲಾಗುವುದಿಲ್ಲ. ಅದರ ಮೇಲೆ ರಾಸಾಯನಿಕ ಗುರುತುಗಳು ಕೂರುತ್ತವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದು ಆ ಗುರುತುಗಳಿಂದ ಏರುಪೇರಾಗಬಹುದು. ಎಲ್ಲರಿಗೂ ಹೀಗೇ ಎಂದಲ್ಲ, ಅಳಿಸಲಾಗದ್ದು ಎಂದೂ ಅಲ್ಲ," ಎನ್ನುತ್ತಾರೆ ಅಧ್ಯಯನದ ಮುಖ್ಯಸ್ಥೆ ಡಾ. ನೀಲಿಮಾ. ಕಾಶವ್ವನದು ಬೇರೆಯೇ ವಿವರಣೆ: "ಒಲಿ ಆರಿಸಿದ್ರೂ ಹಂಚು ಬಿಸಿನ ಇರತದಲ್ರಿ, ಹಂಗ."

ಬೈಲಹೊಂಗಲ ಕಡೆಯ ಕಾಶವ್ವ ಹುಡುಗಿಯಾಗಿದ್ದಾಗಲೇ ಪುಣೆಗೆ ಬಂದವರು. ಅಲ್ಲೇ ಹತ್ತಿರದ ಚಾಕಣದ ದವಾಖಾನೆಯೊಂದರಲ್ಲಿ ಆಯಾ ಆಗಿದ್ದು ರಕ್ತ ತೆಗೆಯುವುದನ್ನು ಕಲಿತರು. ಮದುವೆಯ ಮಾತು ಬಂದಾಗಲೆಲ್ಲ ತಾವೇ ತಪ್ಪಿಸಿಕೊಂಡರು. ಕೋಣೆಯಲ್ಲಿ ಜೊತೆಗಿದ್ದ ಗೆಳತಿ ನರ್ಮದಾ ಕೂಡ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದಳು.

"ಆಕಿದೇನ್ ತಪ್ಪಿಲ್ರಿ. ರಾತ್ರಿ ಹೊರಗ ಚಪ್ಪಲ್ ಸಪ್ಪಳಾದ್ರ ಸಾಕು, ನಾ ಚಿಟ್ಟನ ಚೀರಿ ಎದ್ದು ಕೂಡತೀನಿ. ಒಬ್ಬಾಕಿನ ಇರೂದು ಭಾಳ ಬ್ಯಾಸರ. ಬಾಜೂಕ ಯಾರಾರ ಇದ್ರ ಅದಕೂ ಅಂಜಿಕಿ."

ಹೋದ ವರ್ಷ ಒಂದು ಎಡವಟ್ಟಾಯಿತು. ಒಬ್ಬ ಹೆಣ್ಣುಮಗಳು ಉತ್ತರ ಹೇಳುತ್ತ ಹೇಳುತ್ತ ಅಳತೊಡಗಿದಾಗ ಕಾಶವ್ವನ ಬಾಯಿಂದ ಜಾರಿತು: "ನಂದೂ ಹಂಗ ಅದ, ತಂಗಿ." ಅಷ್ಟೇ! ಕೇಳುವವರು ತಮ್ಮ ಕಥೆ ತೆಗೆದರೆ ಎದುರಿನವರ ಉತ್ತರ ಅತ್ತಿತ್ತ ವಾಲುತ್ತದೆ. ಕಾಶವ್ವ ತಾವೇ ಡಾ. ನೀಲಿಮಾ ಬಳಿ ಹೋಗಿ ತಪ್ಪೊಪ್ಪಿಕೊಂಡರು. ಆ ಹೆಣ್ಣುಮಗಳ ಉತ್ತರಗಳನ್ನೆಲ್ಲ ಅಧ್ಯಯನದವರು ಕೈಬಿಟ್ಟರು. ಸಿಬ್ಬಂದಿಯನ್ನು ಅಧ್ಯಯನಕ್ಕೆ ಸೇರಿಸುವಂತೆಯೂ ಇಲ್ಲ. ನಿಯಮ ಸರಿಯಪ್ಪಾ, ಒಪ್ಪಿದೆ. ಹಾಗಾದರೆ ಕಾಶವ್ವ ಯಾರ ಮುಂದೆ ಹೇಳಿಕೊಳ್ಳಬೇಕು? ನನಗಂತೂ ಸಂಕಟವಾಗುತ್ತದೆ.

ಲ್ಯಾಬಿಗೆ ಡಬ್ಬಿ ಒಪ್ಪಿಸಿ ಇಬ್ಬರೂ ಚಹಾದಂಗಡಿಗೆ ಬರುತ್ತೇವೆ. ನಿಮಗೇನು ಆಸೆ ಎಂದರೆ ನಗುತ್ತಾರೆ. "ಏನಿಲ್ರಿ. ನಾ ಕೇಳೂ ಪ್ರಶ್ನಿ ನನಗೂ ಯಾರಾರ ಒಮ್ಮಿ ಕೇಳಬೇಕಿತ್ತು."

ಪೆನ್ನು ಕೆಳಗಿಡುತ್ತೇನೆ. "ಸಣ್ಣವರಿದ್ದಾಗ ಮನ್ಯಾಗ ಯಾರ್ದಾರ ಅಂಜಿಕಿ ಇತ್ತೇನ್ರಿ, ಕಾಶವ್ವಾರ?"

ಅವರು ಚಹಾದ ಕಪ್ಪನ್ನು ಬದಿಗೆ ಸರಿಸುತ್ತಾರೆ.

"ಇತ್ರಿ. ನಮ್ಮಪ್ಪಂದು. ಅವನ ಚಪ್ಪಲ್ ಸಪ್ಪಳ ಕೇಳಿದ್ರ ತಮ್ಮನ ಬಾಯಿ ಮುಚ್ಚಿಕೊಂಡು ಮಂಚದ ಕೆಳಗ ಹೋಗತಿದ್ದೆ."

ಬಹಳ ಹೊತ್ತು ಮಾತಾಡುತ್ತಾರೆ. ಕೊನೆಗೆ, ಇದನ್ನು ಬರೆಯಬಹುದೇ ಎನ್ನುತ್ತೇನೆ. ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂಡುತ್ತಾರೆ.

"ಬರಕೊಳ್ರಿ. ನಂಬರ್ ಬ್ಯಾಡ, ಹೆಸರ ಹಾಕ್ರಿ."